ಖಾಸಗಿ ಶಾಲೆಯ ಬಡ ಮಗು ಸರಕಾರದ ಲೆಕ್ಕಕ್ಕೆ ಸೇರಿದ್ದಲ್ಲವೇ?

ಕಳೆದ ವಾರ ಹಳೆಯ ಪರಿಚಯದವರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಸಪ್ಲಾಯರ್ ಆಗಿದ್ದವರು; ಈಗ ಮುಂಬಯಿಯ ಉಪನಗರವೊಂದರಲ್ಲಿ ಬೇರೆ ಹೋಟೆಲಿನಲ್ಲಿದ್ದಾರೆ. ಕೈಯಲ್ಲಿ ಮಗಳ ಏಳನೆಯ ತರಗತಿಯ ಗುಣಪತ್ರಿಕೆ ಇತ್ತು. ನೂರಕ್ಕೆ ಎಂಬತ್ತರ ಮೇಲೆ ಅಂಕಗಳು. "ಧನಿಗಳೇ, ಎಂಟನೆಯ ಕ್ಲಾಸಿನ ಮಕ್ಕಳಿಗೆ ಕೇಂದ್ರ ಸರಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಇದೆಯಂತೆ. ಮಗಳನ್ನು ಕೂರಿಸೋಣ ಎಂದು ವಿಚಾರಿಸಿದೆ. ನಿಮ್ಮ ಮಗಳ ಶಾಲೆಗೆ ಸರಕಾರದ ಗ್ರಾಂಟು ಇಲ್ಲ, ಆದ್ದರಿಂದ ಅವಳು ಅರ್ಜಿಯನ್ನೇ ಹಾಕುವಂತಿಲ್ಲ ಎಂದರು. ಶಾಲೆಗೆ ಗ್ರಾಂಟು ಇಲ್ಲದಿದ್ದರೆ ಅದು ನನ್ನ ಮಗಳ ತಪ್ಪೇ?" ಎಂದು ಅವರು ಕೇಳಿದರು.

ಆ ಪ್ರಶ್ನೆಗೆ ನಮ್ಮಲ್ಲಿ ಆ ಹೊತ್ತಿಗೆ ಉತ್ತರವಿರಲಿಲ್ಲ. ಅವರು ಹೋದ ಮೇಲೆ ಶಾಸನಗಳನ್ನೂ ನಿಯಮಗಳನ್ನೂ ತೆಗೆದು ನೋಡಿದೆವು. ನೋಡಿದಷ್ಟಕ್ಕೂ ಒಂದು ಸಂಗತಿ ಸ್ಪಷ್ಟವಾಗುತ್ತ ಹೋಯಿತು. ನಮ್ಮ ದೇಶದಲ್ಲಿ ಬಡ ವಿದ್ಯಾರ್ಥಿಗಳಿಗೆಂದು ಸರಕಾರ ಇಟ್ಟಿರುವ ಸೌಲಭ್ಯಗಳಲ್ಲಿ ಬಹುಪಾಲನ್ನು ಹಂಚುವಾಗ ಮೊದಲು ನೋಡುವುದು ಶಾಲೆಯ ಬಾಗಿಲಿನ ಫಲಕವನ್ನು. ಮಗುವಿನ ಮನೆಯ ಸ್ಥಿತಿಯನ್ನು ನೋಡುವುದು ಆಮೇಲೆ. ಫಲಕದ ಮೇಲೆ ಸರಕಾರವೆಂದೋ ಮ್ಯುನಿಸಿಪಾಲಿಟಿಯೆಂದೋ ಅನುದಾನಿತವೆಂದೋ ಇಲ್ಲದಿದ್ದರೆ ಒಳಗಿರುವ ಮಗು ಎಷ್ಟೇ ಬಡವನದಾಗಿರಲಿ, ಅದು ಲೆಕ್ಕಕ್ಕೆ ಬರುವುದಿಲ್ಲ. ಈ ಪತ್ರಿಕೆಯನ್ನು ಓದುವ ಹೋಟೆಲು ನೌಕರರಿಗೂ ಗುಮಾಸ್ತರಿಗೂ ಇದು ಪ್ರತಿದಿನ ತಟ್ಟುವ ಪ್ರಶ್ನೆಯಾದುದರಿಂದ ಸ್ವಲ್ಪ ವಿಸ್ತಾರವಾಗಿ ವಿಚಾರ ಮಾಡುವುದು ಅವಶ್ಯವೆಂದು ತೋರುತ್ತದೆ.

ಫಲಕ ನೋಡಿ ಹಂಚುವ ಸೌಲಭ್ಯಗಳು

ಮೊದಲು ಆ ವಿದ್ಯಾರ್ಥಿವೇತನವನ್ನೇ ತೆಗೆದುಕೊಳ್ಳೋಣ. ಶಾಲೆಗಳಲ್ಲಿ ಎನ್.ಎಂ.ಎಂ.ಎಸ್. ಎಂದು ಕರೆಯುವ ಈ ಯೋಜನೆ ೨೦೦೮ರಲ್ಲಿ ಆರಂಭವಾಯಿತು. ಎಂಟನೆಯ ತರಗತಿಯಲ್ಲಿರುವಾಗ ಪರೀಕ್ಷೆ ಬರೆದು ಆಯ್ಕೆಯಾದ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ ೧೨,೦೦೦ ರೂಪಾಯಿ ದೊರೆಯುತ್ತದೆ. ದೇಶಾದ್ಯಂತ ವರ್ಷಕ್ಕೆ ಒಂದು ಲಕ್ಷ ಹೊಸ ವೇತನಗಳು. ತಂದೆತಾಯಿಗಳ ವಾರ್ಷಿಕ ಆದಾಯ ೩.೫ ಲಕ್ಷ ರೂಪಾಯಿಯನ್ನು ಮೀರಿರಬಾರದು. ಬಡವರ ಮಕ್ಕಳು ಎಂಟನೆಯ ತರಗತಿಗೆ ಓದು ನಿಲ್ಲಿಸಿ ಕೆಲಸಕ್ಕೆ ಸೇರಬಾರದೆಂಬುದೇ ಇದರ ಉದ್ದೇಶ. ಉದ್ದೇಶ ಶ್ಲಾಘ್ಯವಾದುದು. ಆದರೆ ಸರಕಾರಿ, ಸ್ಥಳೀಯ ಸಂಸ್ಥೆಗಳ ಹಾಗೂ ಅನುದಾನಿತ ಶಾಲೆಗಳ ಮಕ್ಕಳು ಮಾತ್ರ ಅರ್ಹರು. ತಿಂಗಳಿಗೆ ಕೆಲವೇ ನೂರು ರೂಪಾಯಿ ಫೀಸು ತೆಗೆದುಕೊಳ್ಳುವ ಗಲ್ಲಿಯೊಳಗಿನ ಖಾಸಗಿ ಶಾಲೆಯ ಮಗುವಿಗೂ, ವರ್ಷಕ್ಕೆ ಲಕ್ಷಗಟ್ಟಲೆ ತೆಗೆದುಕೊಳ್ಳುವ ದೊಡ್ಡವರ ಶಾಲೆಯ ಮಗುವಿಗೂ ಇಲ್ಲಿ ಯಾವ ಭೇದವೂ ಇಲ್ಲ, ಇಬ್ಬರೂ ಹೊರಗೆ.

ಮಧ್ಯಾಹ್ನದ ಊಟದ ಕಥೆಯೂ ಹೀಗೆಯೇ. ೧೯೯೫ರ ಆಗಸ್ಟ್ ೧೫ರಂದು ರಾಷ್ಟ್ರೀಯ ಕಾರ್ಯಕ್ರಮವಾಗಿ ಆರಂಭವಾದ ಈ ಯೋಜನೆಯಲ್ಲಿ ಬೇಯಿಸಿದ ಬಿಸಿ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟು ೨೦೦೧ರ ನವೆಂಬರ್ ೨೮ರಂದು ಆಜ್ಞೆ ಮಾಡಿತು. ೨೦೧೩ರ ಆಹಾರ ಭದ್ರತಾ ಶಾಸನ ಅದನ್ನು ಎಂಟನೆಯ ತರಗತಿಯವರೆಗಿನ ಮಕ್ಕಳ ಹಕ್ಕನ್ನಾಗಿ ಮಾಡಿತು. ೨೦೨೧ರಲ್ಲಿ ಹೆಸರು ಬದಲಾಗಿ ಪಿ.ಎಂ. ಪೋಷಣ್ ಆಯಿತು. ಆಜ್ಞೆಯಲ್ಲಿಯೂ ಶಾಸನದಲ್ಲಿಯೂ ಯೋಜನೆಯಲ್ಲಿಯೂ ಬದಲಾಗದೆ ಉಳಿದ ಮಾತು ಒಂದೇ: ಸರಕಾರಿ ಮತ್ತು ಸರಕಾರದ ನೆರವು ಪಡೆದ ಶಾಲೆಗಳು. ಹಸಿವಿಗೆ ಗ್ರಾಂಟು ಇರುವ ಶಾಲೆ, ಇಲ್ಲದ ಶಾಲೆ ಎಂಬ ವ್ಯತ್ಯಾಸ ತಿಳಿಯುವುದಿಲ್ಲವೆಂಬುದನ್ನು ಹೋಟೆಲಿನಲ್ಲಿ ಎಲೆ ಹಾಕಿ ಬಡಿಸಿದ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

ಆರೋಗ್ಯ ತಪಾಸಣೆಯೂ ಹಾಗೆಯೇ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೆಂಬುದು ೨೦೧೩ರಲ್ಲಿ ಬಂದಿತು. ಹುಟ್ಟಿನಿಂದ ೧೮ ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸಿ ಹೃದಯದ ದೋಷ, ಕಣ್ಣಿನ ದೋಷ, ಕಿವಿಯ ದೋಷ ಮುಂತಾದವನ್ನು ಬೇಗನೆ ಗುರುತಿಸಿ ಚಿಕಿತ್ಸೆಗೆ ಕಳುಹಿಸುವ ಕಾರ್ಯಕ್ರಮವಿದು. ಅಂಗನವಾಡಿಯ ಕೂಸುಗಳನ್ನು ವೈದ್ಯರ ತಂಡ ಅಲ್ಲಿಯೇ ಹೋಗಿ ನೋಡುತ್ತದೆ. ಆರು ವರ್ಷ ತುಂಬಿ ಶಾಲೆಗೆ ಸೇರಿದ ಮೇಲೆ ತಂಡ ಹೋಗುವುದು ಸರಕಾರಿ ಹಾಗೂ ಅನುದಾನಿತ ಶಾಲೆಗಳಿಗೆ. ಕರಿ ಹಲಗೆ ಕಾಣದೆ ಹಿಂದಿನ ಬೆಂಚಿನಲ್ಲಿ ಕುಳಿತು ದಡ್ಡನೆಂದು ಬೈಸಿಕೊಳ್ಳುವ ಮಗು ಅನುದಾನವಿಲ್ಲದ ಶಾಲೆಯಲ್ಲಿದ್ದರೆ ಅದರ ಕಣ್ಣು ಪರೀಕ್ಷಿಸುವ ಹೊಣೆ ಯಾರದೂ ಅಲ್ಲ.

ಇನ್ನು ಈ ಎಲ್ಲಕ್ಕೂ ಹಣ ಎಲ್ಲಿಂದ ಬರುತ್ತದೆ? ಗುಮಾಸ್ತನ ಆದಾಯಕರದ ಮೇಲೆ ೨೦೦೪ರಿಂದ ನೂರಕ್ಕೆ ಎರಡರಂತೆ ಶಿಕ್ಷಣ ಸೆಸ್ ಬಂತು. ೨೦೦೭ರಲ್ಲಿ ಪ್ರೌಢ ಮತ್ತು ಉಚ್ಚ ಶಿಕ್ಷಣಕ್ಕೆಂದು ಇನ್ನೊಂದು ಸೇರಿತು. ೨೦೧೮ರಿಂದ ಆರೋಗ್ಯ ಮತ್ತು ಶಿಕ್ಷಣ ಸೆಸ್ ಎಂದು ನೂರಕ್ಕೆ ನಾಲ್ಕಾಯಿತು. ಮಹಾರಾಷ್ಟ್ರದಲ್ಲಿ ೧೯೬೨ರ ಶಾಸನದ ಪ್ರಕಾರ ನಗರದ ಕಟ್ಟಡಗಳ ಮೇಲೆ ಶಿಕ್ಷಣದ ಕರವೂ ಇದೆ; ಹೋಟೆಲು ನಡೆಸಿದವರೆಲ್ಲ ಅದನ್ನು ಕಟ್ಟಿದವರೇ. ಕರ ಎತ್ತುವಾಗ ಯಾವ ಅಧಿಕಾರಿಯೂ ನಿಮ್ಮ ಮಗು ಯಾವ ಶಾಲೆಯಲ್ಲಿದೆ ಎಂದು ಕೇಳಿದ್ದಿಲ್ಲ.

ಖಾಸಗಿಯೆಂದರೆ ಧನಿಕರದಲ್ಲ

ಇಲ್ಲಿ ಕೆಲವರು, "ಮ್ಯುನಿಸಿಪಲ್ ಶಾಲೆ ಇರುವಾಗ ಫೀಸು ಕೊಟ್ಟು ಖಾಸಗಿ ಶಾಲೆಗೆ ಏಕೆ ಕಳುಹಿಸಬೇಕು?" ಎಂದು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಪರಊರಿನಲ್ಲಿ ಬದುಕುವ ಕನ್ನಡಿಗನ ಸ್ಥಿತಿಯನ್ನು ಬಲ್ಲವರು ಅದನ್ನು ಅಷ್ಟು ಸುಲಭವಾಗಿ ಕೇಳಲಾರರು.

ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿದೆ. ಅವುಗಳಲ್ಲಿ ಕನ್ನಡವೂ ಒಂದು. ಇದು ನಾವೆಲ್ಲ ಕೃತಜ್ಞತೆಯಿಂದ ನೆನೆಯಬೇಕಾದ ಸಂಗತಿ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿಯೂ ಕನ್ನಡದಲ್ಲಿ ಪುಸ್ತಕ ಅಚ್ಚು ಮಾಡುತ್ತದೆ. ಆದರೆ ನಮ್ಮ ಜನ ಇಂದು ವಾಸಿಸುವ ಸ್ಥಳಗಳು ಬದಲಾಗಿವೆ. ಹಿಂದಿನ ಕಾಲದಲ್ಲಿ ಕೋಟೆ, ಮಾಟುಂಗಾ, ವಡಾಲಾಗಳ ಸುತ್ತ ಇದ್ದವರು ಬಾಡಿಗೆ ತಾಳಲಾರದೆ ಡೊಂಬಿವಲಿ, ವಸಯಿ, ನಾಲಾಸೋಪಾರಗಳತ್ತ ಸರಿದಿದ್ದಾರೆ. ಶಾಲೆ ಹಳೆಯ ಸ್ಥಳದಲ್ಲಿ, ಮಗು ಹೊಸ ಸ್ಥಳದಲ್ಲಿ. ಮಕ್ಕಳ ಸಂಖ್ಯೆ ಇಳಿದ ಹಾಗೆ ಕನ್ನಡ ವಿಭಾಗಗಳು ಒಂದರೊಳಗೊಂದು ಸೇರಿಹೋಗುತ್ತಿವೆ. ಹೊಸ ಸ್ಥಳದಲ್ಲಿ ಹೊಸ ಶಾಲೆ ಕಟ್ಟೋಣವೆಂದರೆ ಅದಕ್ಕೆ ಗ್ರಾಂಟು ನಿರೀಕ್ಷಿಸುವಂತಿಲ್ಲ. ಮಹಾರಾಷ್ಟ್ರದಲ್ಲಿ ೨೦೧೨ರ ಸ್ವಯಂ-ಅರ್ಥಸಹಾಯಿತ ಶಾಲೆಗಳ ಶಾಸನದ ದಾರಿಯಲ್ಲಿ ಬರುವ ಶಾಲೆಗಳು ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳಬೇಕು. ಹೀಗಾಗಿ ಖೋಲಿಗೆ ಹತ್ತಿರದಲ್ಲಿ, ದಾರಿ ದಾಟದೆ ಮಗು ನಡೆದುಹೋಗಬಹುದಾದ ಶಾಲೆ ಎಂದರೆ ಎಷ್ಟೋ ಕಡೆ ಅನುದಾನವಿಲ್ಲದ ಸಣ್ಣ ಇಂಗ್ಲಿಷ್ ಶಾಲೆಯೇ ಆಗಿರುತ್ತದೆ.

ತಂದೆ ಬೆಳಿಗ್ಗೆ ಐದಕ್ಕೆ ಹೋಟೆಲಿಗೆ ಹೋಗಿ ರಾತ್ರಿ ಹನ್ನೊಂದಕ್ಕೆ ಬರುವವನು. ತಾಯಿ ಯಾರದೋ ಮನೆಯಲ್ಲಿ ಅಡುಗೆ ಮಾಡುವವಳು. ಮಗುವನ್ನು ರೈಲಿನಲ್ಲಿ ದೂರದ ಶಾಲೆಗೆ ಕರೆದೊಯ್ಯುವವರಾರು? ಅವರು ಫೀಸು ಕೊಡುವುದು ಐಶ್ವರ್ಯದಿಂದಲ್ಲ, ನಿರುಪಾಯದಿಂದ. ಊರಿಗೆ ಕಳುಹಿಸುವ ಮನಿಆರ್ಡರಿನಲ್ಲಿ ಕಡಿತ ಮಾಡಿ, ಚೀಟಿಯ ಹಣ ಎತ್ತಿ ಕೊಡುತ್ತಾರೆ. ಅಂಥವರನ್ನು ಖಾಸಗಿ ಶಾಲೆಯ ಪಾಲಕರೆಂಬ ಒಂದೇ ಮಾತಿನಿಂದ ಶ್ರೀಮಂತರ ಸಾಲಿನಲ್ಲಿ ಕೂರಿಸುವುದು ಅನ್ಯಾಯ.

ಶಾಸನ ಕೊಟ್ಟ ಕಿಟಕಿ

ಖಾಸಗಿ ಶಾಲೆಯ ಬಡ ಮಗುವಿಗೆ ಶಾಸನ ಏನನ್ನೂ ಕೊಟ್ಟಿಲ್ಲವೆಂದರೆ ಸುಳ್ಳಾದೀತು. ೨೦೦೨ರ ೮೬ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ೨೧ಎ ವಿಧಿ ಸೇರಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣ ಮೂಲಭೂತ ಹಕ್ಕಾಯಿತು. ೨೦೦೯ರ ಶಿಕ್ಷಣ ಹಕ್ಕಿನ ಶಾಸನ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂತು. ಅದರ ೧೨ನೆಯ ಕಲಮಿನ ಪ್ರಕಾರ ಅನುದಾನವಿಲ್ಲದ ಖಾಸಗಿ ಶಾಲೆಗಳು ಮೊದಲನೆಯ ತರಗತಿಯಲ್ಲಿ ಕನಿಷ್ಠ ನೂರಕ್ಕೆ ೨೫ ಸ್ಥಾನಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಉಚಿತವಾಗಿ ಕೊಡಬೇಕು. ಸರಕಾರ ಒಂದು ಮಗುವಿಗೆ ತಾನು ಮಾಡುವ ವೆಚ್ಚ ಅಥವಾ ಶಾಲೆಯ ಫೀಸು, ಇವೆರಡರಲ್ಲಿ ಕಡಿಮೆಯಾದುದನ್ನು ಶಾಲೆಗೆ ತುಂಬಿಕೊಡಬೇಕು. ೨೦೧೦ರ ಕೇಂದ್ರ ನಿಯಮಗಳು ಈ ಮಕ್ಕಳಿಗೆ ಪುಸ್ತಕ, ಬರೆಯುವ ಸಾಮಗ್ರಿ, ಸಮವಸ್ತ್ರವೂ ಉಚಿತವೆಂದು ಹೇಳುತ್ತವೆ. ೨೦೧೨ರ ಏಪ್ರಿಲ್ ೧೨ರಂದು ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿಹಿಡಿಯಿತು.

ಆದರೆ ಈ ಕಿಟಕಿಯನ್ನು ಮುಚ್ಚುವ ಪ್ರಯತ್ನಗಳು ನಿಂತಿಲ್ಲ. ಸಮೀಪದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಈ ಹೊಣೆ ಬೇಡವೆಂದು ಕರ್ನಾಟಕ ನಿಯಮ ಮಾಡಿತು. ೨೦೧೯ರ ಮೇ ತಿಂಗಳಲ್ಲಿ ಅಲ್ಲಿನ ಹೈಕೋರ್ಟು ಅದನ್ನು ಒಪ್ಪಿಕೊಂಡಿತು. ಮಹಾರಾಷ್ಟ್ರ ಸರಕಾರ ೨೦೨೪ರ ಫೆಬ್ರವರಿಯಲ್ಲಿ ಅದೇ ದಾರಿ ಹಿಡಿದು, ಒಂದು ಕಿಲೋಮೀಟರಿನೊಳಗೆ ಸರಕಾರಿ ಅಥವಾ ಅನುದಾನಿತ ಶಾಲೆ ಇರುವ ಖಾಸಗಿ ಶಾಲೆಗಳಿಗೆ ವಿನಾಯಿತಿ ಕೊಟ್ಟಿತು. ಮುಂಬಯಿ ಹೈಕೋರ್ಟು ಮೇ ತಿಂಗಳಲ್ಲಿ ಅದಕ್ಕೆ ತಡೆಯಾಜ್ಞೆ ಕೊಟ್ಟು ಜುಲೈಯಲ್ಲಿ ರದ್ದು ಮಾಡಿತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿನಲ್ಲಿ ಕೈಹಾಕಲು ಒಪ್ಪಲಿಲ್ಲ. ಒಂದೇ ಶಾಸನ, ಎರಡು ರಾಜ್ಯ, ಎರಡು ಫಲ. ಊರಿನಲ್ಲಿರುವ ತಮ್ಮನ ಮಗುವಿಗೆ ಇಲ್ಲದ ಹಕ್ಕು ಮುಂಬಯಿಯ ಅಣ್ಣನ ಮಗುವಿಗೆ ಇದೆ.

ಹೈದರಾಬಾದಿನ ನಮ್ಮವರ ಸ್ಥಿತಿ ಇನ್ನೂ ಬೇರೆ. ತೆಲಂಗಾಣದಲ್ಲಿ ಈ ಕಲಮು ವರ್ಷಾನುಗಟ್ಟಲೆ ಕಾಗದದ ಮೇಲೆಯೇ ಉಳಿಯಿತು. ತಮಿಳುನಾಡಿನಲ್ಲಿ ಕೇಂದ್ರ-ರಾಜ್ಯಗಳ ನಡುವೆ ಶಿಕ್ಷಣ ನೀತಿಯ ವಿಷಯದಲ್ಲಿ ಎದ್ದ ವಿವಾದದಿಂದ ಕೇಂದ್ರದ ಹಣ ಬರುವುದು ನಿಂತು, ೨೦೨೫ರಲ್ಲಿ ಈ ಸ್ಥಾನಗಳ ಪ್ರವೇಶವೇ ತಿಂಗಳುಗಟ್ಟಲೆ ತಡೆದು, ಅಕ್ಟೋಬರಿನಲ್ಲಷ್ಟೇ ಮತ್ತೆ ಆರಂಭವಾಯಿತು. ದೊಡ್ಡವರ ಜಗಳದಲ್ಲಿ ಮಗುವಿನ ಅರ್ಧ ವರ್ಷ ಹೋಯಿತು. ಮಹಾರಾಷ್ಟ್ರದಲ್ಲಿಯೂ ಸರಕಾರ ತುಂಬಿಕೊಡಬೇಕಾದ ಹಣದ ಬಾಕಿ ಬೆಳೆಯುತ್ತ ಹೋಗುತ್ತಿರುವುದನ್ನು ಶಾಲೆಗಳು ಪ್ರತಿವರ್ಷ ಎತ್ತಿ ಹೇಳುತ್ತವೆ. ಬಾಕಿ ಇಟ್ಟ ಗಿರಾಕಿಗೆ ಎಷ್ಟು ದಿನ ನಗುಮುಖದಿಂದ ಬಡಿಸಬಹುದೆಂಬುದು ಗಲ್ಲೆಯ ಮೇಲೆ ಕುಳಿತವನಿಗೆ ಗೊತ್ತು. ಕೊನೆಗೆ ಆ ಸಿಟ್ಟು ತಿರುಗುವುದು ಬಡ ಮಗುವಿನ ಮೇಲೆಯೇ. ಮತ್ತೊಂದು ಕೊರತೆಯೆಂದರೆ ಈ ಹಕ್ಕು ಎಂಟನೆಯ ತರಗತಿಗೆ ಮುಗಿಯುತ್ತದೆ. ಒಂಬತ್ತನೆಯ ತರಗತಿಗೆ ಬಂದ ದಿನ ಪೂರ್ತಿ ಫೀಸಿನ ಚೀಟಿ ಕೈಗೆ ಬರುತ್ತದೆ.

ಎರಡು ಬಾಗಿಲುಗಳ ನಡುವೆ

ಈಗ ನಮ್ಮ ಗೆಳೆಯರ ಮಗಳ ಸ್ಥಿತಿಗೆ ಮರಳೋಣ. "ಅವಳನ್ನು ಆರಂಭದಲ್ಲಿಯೇ ಆ ೨೫ರೊಳಗೆ ಏಕೆ ಸೇರಿಸಲಿಲ್ಲ?" ಎಂದು ನಾವು ಕೇಳಿದೆವು. ಸೇರಿಸಲು ಹೋಗಿದ್ದರಂತೆ, ಆದಾಯ ಹೆಚ್ಚಾಯಿತಂತೆ.

ಮಹಾರಾಷ್ಟ್ರದಲ್ಲಿ ಆರ್ಥಿಕವಾಗಿ ದುರ್ಬಲರೆಂದು ಈ ಸ್ಥಾನಗಳಿಗೆ ಅರ್ಜಿ ಹಾಕಲು ಕುಟುಂಬದ ವಾರ್ಷಿಕ ಆದಾಯ ಒಂದು ಲಕ್ಷ ರೂಪಾಯಿಯ ಒಳಗಿರಬೇಕೆಂಬುದು ವರ್ಷಗಳಿಂದ ನಡೆದುಬಂದ ಮಿತಿ. ತಿಂಗಳಿಗೆ ಲೆಕ್ಕ ಹಾಕಿದರೆ ೮,೩೩೩ ರೂಪಾಯಿ. ಪಗಾರವನ್ನು ಇದ್ದದ್ದು ಇದ್ದಂತೆ ಬರೆದುಕೊಟ್ಟರೆ ಮುಂಬಯಿಯಲ್ಲಿ ದಿನವಿಡೀ ದುಡಿಯುವ ಹೋಟೆಲು ನೌಕರನು ಈ ಮಿತಿಯೊಳಗೆ ಬರುವುದು ಕಷ್ಟ. ದೆಹಲಿಯಲ್ಲಿಯೂ ಇದ್ದ ಒಂದು ಲಕ್ಷದ ಮಿತಿ ತೀರ ಕಡಿಮೆಯೆಂದು ಅಲ್ಲಿನ ಹೈಕೋರ್ಟು ೨೦೨೩ರ ಡಿಸೆಂಬರಿನಲ್ಲಿ ಹೇಳಿತು.

ವಾಚಕರು ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ವಿದ್ಯಾರ್ಥಿವೇತನದ ೩.೫ ಲಕ್ಷದ ಅಳತೆಗೋಲಿನಲ್ಲಿ ನಮ್ಮ ಗೆಳೆಯರು ಬಡವರು, ಆದರೆ ಮಗಳ ಶಾಲೆ ಸಲ್ಲದು. ಉಚಿತ ಸ್ಥಾನದ ವಿಷಯದಲ್ಲಿ ಶಾಲೆ ಸಲ್ಲುತ್ತದೆ, ಆದರೆ ಒಂದು ಲಕ್ಷದ ಅಳತೆಗೋಲಿನಲ್ಲಿ ಅವರು ಬಡವರೇ ಅಲ್ಲ. ಒಂದು ಬಾಗಿಲಿಗೆ ಹೋದರೆ ಇನ್ನೊಂದು ಬಾಗಿಲನ್ನು ತೋರಿಸುತ್ತಾರೆ. ಎರಡೂ ಬಾಗಿಲುಗಳ ನಡುವೆ ನಿಂತವನೇ ನಮ್ಮ ಹೋಟೆಲು ನೌಕರ, ನಮ್ಮ ಕಿರಿಯ ಗುಮಾಸ್ತ. ಮೇಲಾಗಿ ಇಂಥ ಮಿತಿ ಮನುಷ್ಯನನ್ನು ಸುಳ್ಳಿಗೆ ತಳ್ಳುತ್ತದೆ. ನಿಜವಾದ ಪಗಾರ ಹೇಳಿದವನ ಮಗು ಹೊರಗುಳಿದು, ಸುಳ್ಳು ದಾಖಲೆ ಮಾಡಿಸಿದವನ ಮಗು ಒಳಗೆ ಹೋದರೆ ಆ ಮಗುವಿಗೆ ಶಾಲೆ ಕಲಿಸುವ ಮೊದಲನೆಯ ಪಾಠ ಯಾವುದು?

ಹಿಂದುಳಿದ ಹಾಗೂ ಪರಿಶಿಷ್ಟ ಜಾತಿಗಳ ಮಕ್ಕಳಿಗೆ ಆದಾಯದ ದಾಖಲೆ ಬೇಕಾಗಿಲ್ಲ, ನಿಜ. ಆದರೆ ಪರರಾಜ್ಯದ ಜಾತಿ ಪ್ರಮಾಣಪತ್ರವನ್ನು ಮಹಾರಾಷ್ಟ್ರದಲ್ಲಿ ಈ ಪ್ರವೇಶಕ್ಕೆ ಸ್ವೀಕರಿಸುವುದಿಲ್ಲ. ಒಂದು ರಾಜ್ಯದಲ್ಲಿ ಪರಿಶಿಷ್ಟನಾದವನು ಇನ್ನೊಂದು ರಾಜ್ಯಕ್ಕೆ ಹೋದಾಗ ಆ ಸ್ಥಾನವನ್ನು ಜೊತೆಗೆ ಕೊಂಡೊಯ್ಯಲಾರನೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ೧೯೯೦ರಲ್ಲಿಯೇ ತೀರ್ಮಾನಿಸಿದ್ದಾರೆ. ಆ ಮೊಕದ್ದಮೆ ಹುಟ್ಟಿದ್ದೂ ಮುಂಬಯಿಯ ಒಂದು ವೈದ್ಯಕೀಯ ಕಾಲೇಜಿನ ಪ್ರವೇಶದಿಂದಲೇ. ಉದ್ಯೋಗ ಮತ್ತು ಉಚ್ಚ ಶಿಕ್ಷಣದ ಮಾತು ಬೇರೆ ಇರಬಹುದು. ಆರು ವರ್ಷದ ಮಗುವಿನ ಒಂದನೆಯ ತರಗತಿಗೂ ಅದೇ ತಕ್ಕಡಿಯೇ ಎಂಬುದು ವಿಚಾರಿಸಬೇಕಾದ ಪ್ರಶ್ನೆ.

ವಾಸಸ್ಥಳದ ದಾಖಲೆಯದು ಇನ್ನೊಂದು ತೊಡಕು. ಬಾಡಿಗೆಯ ಮನೆಯಲ್ಲಿರುವವರು ನೋಂದಾಯಿಸಿದ ಕರಾರುಪತ್ರ ತೋರಿಸಬೇಕು. ಹೋಟೆಲಿನ ಅಟ್ಟದಲ್ಲಿಯೋ ಧನಿ ಕೊಟ್ಟ ಖೋಲಿಯಲ್ಲಿಯೋ ಇರುವವನಿಗೆ ಯಾವ ಕರಾರು, ಯಾವ ನೋಂದಣಿ? ಇಲ್ಲಿ ನಮ್ಮ ವೃತ್ತಿಬಾಂಧವರಾದ ಹೋಟೆಲು ಮಾಲಿಕರಿಗೆ ಎರಡು ಮಾತು ಹೇಳದೆ ಹೋದರೆ ಈ ಲೇಖನ ಅಪ್ರಾಮಾಣಿಕವಾದೀತು. ಪಗಾರದ ಚೀಟಿ ಕೊಡದೆ, ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯದೆ, ವಾಸಕ್ಕೆ ಕೊಟ್ಟ ಖೋಲಿಗೆ ಒಂದು ಕಾಗದವನ್ನೂ ಬರೆದುಕೊಡದೆ ಇರುವ ಮಾಲಿಕರು ನಮ್ಮಲ್ಲಿ ಕಡಿಮೆಯೇನಿಲ್ಲ. ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಾವೂ ಆ ವಿಷಯದಲ್ಲಿ ಉದಾಸೀನರಾಗಿದ್ದೆವು. ಒಂದು ಕಾಗದದಿಂದ ನೌಕರನ ಮಗುವಿನ ವಿದ್ಯೆ ನಿಲ್ಲಬಹುದೆಂಬುದು ಆಗ ನಮ್ಮ ತಲೆಗೆ ಹೊಳೆದಿರಲಿಲ್ಲ. ಈಗ ಹೊಳೆದಿದೆ, ಉಳಿದವರಿಗೂ ಹೊಳೆಯಲಿ.

ಭಾಷಾ ಅಲ್ಪಸಂಖ್ಯಾತರ ಹಕ್ಕು

ಪರಪ್ರಾಂತದ ಕನ್ನಡಿಗರಾದ ನಮಗೆ ಇನ್ನೊಂದು ಹಕ್ಕು ಇದೆ. ಭಾಷಾವಾರು ಪ್ರಾಂತ ರಚನೆಯ ಕಾಲದಲ್ಲಿ, ೧೯೫೬ರ ಏಳನೆಯ ತಿದ್ದುಪಡಿಯಿಂದ, ಸಂವಿಧಾನಕ್ಕೆ ೩೫೦ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಅದಕ್ಕೂ ಮೊದಲು, ೧೯೪೯ರ ಆಗಸ್ಟಿನಲ್ಲಿ ಸೇರಿದ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ, ಇಡೀ ಶಾಲೆಯಲ್ಲಿ ೪೦ ಮಕ್ಕಳು ಅಥವಾ ಒಂದು ತರಗತಿಯಲ್ಲಿ ೧೦ ಮಕ್ಕಳು ಇದ್ದರೆ ಅವರ ಭಾಷೆಯ ಒಬ್ಬ ಉಪಾಧ್ಯಾಯರನ್ನಾದರೂ ನೇಮಿಸಬೇಕೆಂದು ಒಪ್ಪಿತ್ತು. ಈ ವಿಧಿಯಲ್ಲಿ ಗಮನಿಸಬೇಕಾದ ಮಾತು 'ಮಕ್ಕಳು' ಎಂಬುದು. ಸಂವಿಧಾನ ಇಲ್ಲಿ ಶಾಲೆಯನ್ನು ಹೆಸರಿಸಿಲ್ಲ, ಮಗುವನ್ನು ಹೆಸರಿಸಿದೆ.

ಅಲ್ಪಸಂಖ್ಯಾತರು ತಮ್ಮದೇ ಸಂಸ್ಥೆಗಳನ್ನು ನಡೆಸುವ ಹಕ್ಕು ೩೦ನೆಯ ವಿಧಿಯಲ್ಲಿದೆ. ಗ್ರಾಂಟು ಕೊಡುವಾಗ ಅಂಥ ಸಂಸ್ಥೆಗಳಿಗೆ ಭೇದ ಮಾಡಕೂಡದೆಂದೂ ಅದೇ ವಿಧಿ ಹೇಳುತ್ತದೆ. ಯಾರು ಅಲ್ಪಸ‍ಂಖ್ಯಾತರೆಂಬುದನ್ನು ರಾಜ್ಯವಾರು ನಿರ್ಣಯಿಸಬೇಕೆಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರ ಪೀಠ ೨೦೦೨ರಲ್ಲಿ ತೀರ್ಪು ಕೊಟ್ಟಿತು. ಆದ್ದರಿಂದ ಮಹಾರಾಷ್ಟ್ರದಲ್ಲಿ, ತಮಿಳುನಾಡಿನಲ್ಲಿ, ದೆಹಲಿಯಲ್ಲಿ ನಾವು ಅಲ್ಪಸಂಖ್ಯಾತರು.

ಆದರೆ ಹಕ್ಕಿನ ಜೊತೆಗೆ ಒಂದು ಮುಜುಗರವೂ ಬಂದಿದೆ. ೨೦೧೪ರ ಮೇ ೬ರಂದು ಐವರು ನ್ಯಾಯಾಧೀಶರ ಪೀಠ ಶಿಕ್ಷಣ ಹಕ್ಕಿನ ಶಾಸನವು ಅಲ್ಪಸಂಖ್ಯಾತರ ಶಾಲೆಗಳಿಗೆ, ಅನುದಾನಿತವಿರಲಿ ಇಲ್ಲದಿರಲಿ, ಅನ್ವಯಿಸುವುದಿಲ್ಲವೆಂದಿತು. ಆ ತೀರ್ಪನ್ನು ಮತ್ತೆ ನೋಡಬೇಕೆಂದು ೨೦೨೫ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಾಧೀಶರು ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದೆ ಇಟ್ಟರು. ಅದು ಏನೇ ಆಗಲಿ, ನಮ್ಮ ಜನರ ಹಣದಿಂದ, ಹೋಟೆಲಿನ ಗಲ್ಲೆಯ ಮೇಲಿಟ್ಟ ದೇಣಿಗೆಯ ಡಬ್ಬಿಯ ಕಾಸಿನಿಂದಲೂ ಬೆಳೆದ ವಿದ್ಯಾಸಂಸ್ಥೆಗಳು ಭಾಷಾ ಅಲ್ಪಸಂಖ್ಯಾತರೆಂಬ ಹೆಸರಿನಲ್ಲಿ ವಿನಾಯಿತಿ ಪಡೆದುಕೊಂಡು, ಅದೇ ಭಾಷೆಯ ಬಡವನ ಮಗುವಿಗೆ ಸ್ಥಾನ ಕೊಡದೆ ಹೋದರೆ ಆ ಅಲ್ಪಸಂಖ್ಯಾತತ್ವ ಯಾರ ರಕ್ಷಣೆಗೆ? ಶಾಸನ ಬಲವಂತ ಮಾಡದಿದ್ದರೂ ನೂರಕ್ಕೆ ಇಷ್ಟು ಸ್ಥಾನವೆಂದು ನಮ್ಮ ಸಂಸ್ಥೆಗಳು ತಾವಾಗಿಯೇ ತೆಗೆದಿಡಬಾರದೇ?

ಅಮೆರಿಕದ ಒಂದು ಪಾಠ

ಇದೇ ಪ್ರಶ್ನೆಯನ್ನು ಇನ್ನೊಂದು ದೇಶ ಹೇಗೆ ಬಿಡಿಸಿತೆಂಬುದು ತಿಳಿಯಲು ತಕ್ಕುದಾಗಿದೆ. ಅಮೆರಿಕದಲ್ಲಿ ಖಾಸಗಿ ಶಾಲೆಗಳಲ್ಲಿ ಹಲವು ಚರ್ಚುಗಳವು. ಸಂವಿಧಾನದ ಪ್ರಕಾರ ಸರಕಾರದ ಹಣ ಧರ್ಮಸಂಸ್ಥೆಗೆ ಹೋಗಬಾರದೆಂಬ ವಾದ ಅಲ್ಲಿ ಇತ್ತು. ೧೯೪೭ರಲ್ಲಿ ಚರ್ಚಿನ ಶಾಲೆಗೆ ಹೋಗುವ ಮಕ್ಕಳ ಬಸ್ ಖರ್ಚನ್ನು ಸರಕಾರ ಕೊಡಬಹುದೇ ಎಂಬ ಮೊಕದ್ದಮೆ ಬಂತು. ಐವರು ಒಂದು ಕಡೆ, ನಾಲ್ವರು ಒಂದು ಕಡೆಯಾಗಿ ಅಲ್ಲಿನ ಸುಪ್ರೀಂ ಕೋರ್ಟು ಕೊಡಬಹುದೆಂದಿತು. ಕ್ಷೇಮವಾಗಿ ಶಾಲೆ ಮುಟ್ಟುವ ಲಾಭ ಮಗುವಿನದೆಂಬುದು ವಾದ. ೧೯೬೫ರಲ್ಲಿ ಬಂದ ಶಿಕ್ಷಣ ಶಾಸನ, ಬಡ ಪ್ರದೇಶಗಳಲ್ಲಿ ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ವಿಶೇಷ ಪಾಠದ ವ್ಯವಸ್ಥೆ ಮಾಡಿ, ಅದರಲ್ಲಿ ಖಾಸಗಿ ಶಾಲೆಯ ಮಕ್ಕಳಿಗೂ ಪಾಲು ಇಟ್ಟಿತು.

ನ್ಯೂಯಾರ್ಕ್ ನಗರದಲ್ಲಿ ಸರಕಾರಿ ಉಪಾಧ್ಯಾಯರು ಖಾಸಗಿ ಶಾಲೆಗೆ ಹೋಗಿ ಪಾಠ ಹೇಳುತ್ತಿದ್ದರು. ೧೯೮೫ರಲ್ಲಿ ಕೋರ್ಟು ಇದು ಸಲ್ಲದೆಂದಿತು. ಆಗ ನಗರದವರು ಶಾಲೆಗಳ ಬಳಿ ಬೀದಿಯಲ್ಲಿ ವ್ಯಾನುಗಳನ್ನು ನಿಲ್ಲಿಸಿ, ಮಕ್ಕಳನ್ನು ಅದರೊಳಗೆ ಕೂರಿಸಿ ಪಾಠ ಹೇಳಿಸಿದರು. ಪಾಠಕ್ಕೆ ಹೋಗಬೇಕಾದ ಹಣ ವ್ಯಾನಿನ ಬಾಡಿಗೆಗೆ ಹೋಯಿತು. ಹನ್ನೆರಡು ವರ್ಷಗಳ ಬಳಿಕ, ೧೯೯೭ರಲ್ಲಿ, ಅದೇ ಕೋರ್ಟು ತನ್ನ ಹಿಂದಿನ ತೀರ್ಪನ್ನು ಹಿಂತೆಗೆದುಕೊಂಡಿತು. ಇಂದು ಅಲ್ಲಿ ಹಣ ಸರಕಾರಿ ಸಂಸ್ಥೆಯ ಕೈಯಲ್ಲಿಯೇ ಇರುತ್ತದೆ, ಖಾಸಗಿ ಶಾಲೆಯ ಗಲ್ಲೆಗೆ ಬೀಳುವುದಿಲ್ಲ. ಪಾಠ ಮಾತ್ರ ಮಗುವಿಗೆ ಮುಟ್ಟುತ್ತದೆ. ಎಷ್ಟು ಪಾಲೆಂಬುದನ್ನು ಆ ಪ್ರದೇಶದ ಬಡ ಮಕ್ಕಳಲ್ಲಿ ಎಷ್ಟು ಜನ ಖಾಸಗಿ ಶಾಲೆಗಳಲ್ಲಿದ್ದಾರೆಂದು ಎಣಿಸಿ ನಿರ್ಣಯಿಸುತ್ತಾರೆ. ನಿರ್ಣಯಿಸುವ ಮೊದಲು ಖಾಸಗಿ ಶಾಲೆಯವರೊಡನೆ ಸಮಾಲೋಚನೆ ಮಾಡಲೇಬೇಕು. ೨೦೧೫ರ ಶಾಸನ ಇದನ್ನು ನೋಡಿಕೊಳ್ಳಲು ರಾಜ್ಯಕ್ಕೊಬ್ಬ ಅಧಿಕಾರಿಯನ್ನೂ ಇಟ್ಟಿದೆ. ಅಮೆರಿಕದಲ್ಲಿ ಎಲ್ಲವೂ ಸರಿಯಿದೆಯೆಂದು ನಾವು ಹೇಳುತ್ತಿಲ್ಲ. ಆದರೆ ಹಣ ಶಾಲೆಗಲ್ಲ, ಸೇವೆ ಮಗುವಿಗೆ ಎಂಬ ಸೂತ್ರ ನಮಗೂ ಹೊಂದುವಂಥದು.

ಎದುರು ಪಕ್ಷದ ಮಾತು

ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಊಟ, ಪುಸ್ತಕ, ವಿದ್ಯಾರ್ಥಿವೇತನಗಳೇ ಸರಕಾರಿ ಶಾಲೆಯ ಆಕರ್ಷಣೆ. ಅವನ್ನು ಖಾಸಗಿ ಶಾಲೆಗೂ ಒಯ್ದರೆ ಸರಕಾರಿ ಶಾಲೆ ಬರಿದಾದೀತು ಎಂದು ಹಲವರು ಪ್ರಾಮಾಣಿಕವಾಗಿ ಹೆದರುತ್ತಾರೆ. ಕರ್ನಾಟಕ ಸರಕಾರ ನಿಯಮ ಬದಲಿಸಿದ್ದಕ್ಕೂ ಕೊಟ್ಟ ಕಾರಣ ಇದೇ. ಇದರಲ್ಲಿ ಸತ್ಯಾಂಶವಿದೆ. ಸರಕಾರಿ ಶಾಲೆ ಬಲವಾಗದೆ ಬಡವನಿಗೆ ಗತಿಯಿಲ್ಲವೆಂಬುದು ನಮ್ಮದೂ ಅಭಿಪ್ರಾಯ. ಖಾಸಗಿ ಶಾಲೆಗಳ ಆಡಳಿತಗಳಿಗೆ ಹಣ ಸುರಿಯಬೇಕೆಂದು ನಾವು ಹೇಳುವವರಲ್ಲ.

ಆದರೆ ಕನ್ನಡಕವಿಲ್ಲದೆ ಕುಳಿತ ಮಗುವನ್ನು ಹಾಗೆಯೇ ಕೂರಿಸಿದರೆ ಸರಕಾರಿ ಶಾಲೆ ಬಲವಾಗುವುದೇ? ಒಳ್ಳೆಯ ಉಪಾಧ್ಯಾಯರು ಬಂದರೆ, ಶೌಚಾಲಯ ಶುಚಿಯಾಗಿದ್ದರೆ, ಮಗು ಓದಲು ಕಲಿತರೆ ಪಾಲಕರು ತಾವಾಗಿಯೇ ಸರಕಾರಿ ಶಾಲೆಗೆ ಬರುತ್ತಾರೆ. ಪಕ್ಕದ ಹೋಟೆಲಿಗೆ ಹೋದ ಗಿರಾಕಿಗೆ ನೀರು ಕೊಡಬಾರದೆಂದು ನಲ್ಲಿ ಮುಚ್ಚಿಸಿ ಯಾವ ಹೋಟೆಲೂ ಉದ್ಧಾರವಾಗಿಲ್ಲ.

ಅಲ್ಲದೆ, ಸೌಲಭ್ಯವನ್ನು ವಿಸ್ತರಿಸಿದ ಉದಾಹರಣೆಗಳು ನಮ್ಮ ದೇಶದಲ್ಲಿಯೇ ಇವೆ. ತಮಿಳುನಾಡಿನ ಮುಖ್ಯಮಂತ್ರಿಗಳ ಬೆಳಗಿನ ಉಪಾಹಾರ ಯೋಜನೆ ೨೦೨೨ರ ಸೆಪ್ಟೆಂಬರಿನಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳಿಗಷ್ಟೇ ಇತ್ತು. ೨೦೨೪ರ ಜುಲೈಯಲ್ಲಿ ಹಳ್ಳಿಗಳ ಅನುದಾನಿತ ಶಾಲೆಗಳಿಗೆ, ೨೦೨೫ರ ಆಗಸ್ಟಿನಲ್ಲಿ ನಗರಗಳ ಅನುದಾನಿತ ಶಾಲೆಗಳಿಗೂ ಬಂತು. ಆ ಶಾಲೆಗಳ ಆಡಳಿತ ಖಾಸಗಿಯವರದೇ. ಉಪಾಹಾರ ಮಗುವಿನ ಹೊಟ್ಟೆಗೆ ಹೋಯಿತೇ ಹೊರತು ಆಡಳಿತ ಮಂಡಳಿಯ ಕಿಸೆಗೆ ಹೋಗಲಿಲ್ಲ. ಮಹಾರಾಷ್ಟ್ರ ಸರಕಾರ ತಾನೇ ನಡೆಸುವ ಶಿಷ್ಯವೃತ್ತಿ ಪರೀಕ್ಷೆಗೂ ಮಾನ್ಯತೆ ಪಡೆದ ಶಾಲೆಗಳ ಮಕ್ಕಳು, ಅನುದಾನವಿಲ್ಲದವರೂ ಸೇರಿ, ಕುಳಿತುಕೊಳ್ಳಬಹುದು. ರಾಜ್ಯಕ್ಕೆ ಸಾಧ್ಯವಾದದ್ದು ಕೇಂದ್ರಕ್ಕೆ ಏಕೆ ಅಸಾಧ್ಯ?

ಆಗಬೇಕಾದದ್ದು

ನಮ್ಮ ಬೇಡಿಕೆಗಳು ಹೆಚ್ಚಿನವಲ್ಲ. ಮೊದಲನೆಯದಾಗಿ, ಆದಾಯದ ಮಿತಿಯೊಳಗಿರುವ ಯಾವ ಮಗುವಿಗೂ, ಮಾನ್ಯತೆ ಪಡೆದ ಯಾವ ಶಾಲೆಯಲ್ಲಿದ್ದರೂ, ಕೇಂದ್ರದ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯಲು ಅವಕಾಶವಿರಬೇಕು. ಎರಡನೆಯದಾಗಿ, ಆರೋಗ್ಯ ತಪಾಸಣೆಯ ತಂಡ ಕಡಿಮೆ ಫೀಸಿನ ಖಾಸಗಿ ಶಾಲೆಗಳಿಗೂ ಹೋಗಬೇಕು. ಮೂರನೆಯದಾಗಿ, ಉಚಿತ ಸ್ಥಾನದ ಆದಾಯ ಮಿತಿಯನ್ನು ಇಂದಿನ ಬೆಲೆಗಳಿಗೆ ಹೊಂದಿಸಿ ಏರಿಸಬೇಕು. ಆ ಮಗುವಿಗೆ ಹತ್ತನೆಯ ತರಗತಿಯವರೆಗೂ ರಕ್ಷಣೆ ಇರಬೇಕು. ಶಾಲೆಗಳ ಬಾಕಿಯನ್ನು ಆಯಾ ವರ್ಷವೇ ತೀರಿಸಬೇಕು. ನಾಲ್ಕನೆಯದಾಗಿ, ನೋಂದಾಯಿತ ಕರಾರು ಇಲ್ಲದ ಕಾರ್ಮಿಕನಿಗೆ ಮಾಲಿಕನ ಪತ್ರವನ್ನೋ ಬೇರೆ ಆಧಾರವನ್ನೋ ಒಪ್ಪಿಕೊಳ್ಳಬೇಕು.

ಸರಕಾರಕ್ಕೆ ಹೇಳುವಷ್ಟೇ ನಮ್ಮವರಿಗೂ ಹೇಳುವುದಿದೆ. ಪ್ರತಿ ವರ್ಷ ಪ್ರವೇಶದ ಅರ್ಜಿ ಕರೆಯುವ ಕಾಲದಲ್ಲಿ ನಮ್ಮ ಸಂಘಗಳು ವಾರಕ್ಕೊಂದು ಸಂಜೆ ಮೇಜು ಹಾಕಿ ಕುಳಿತು, ಅರ್ಜಿ ತುಂಬಿಕೊಡಬಾರದೇ? ಯಕ್ಷಗಾನಕ್ಕೂ ವಾರ್ಷಿಕೋತ್ಸವಕ್ಕೂ ಸೇರುವ ತರುಣ ಗುಮಾಸ್ತರು ಈ ಕೆಲಸಕ್ಕೆ ನಾಲ್ಕು ಸಂಜೆ ಕೊಟ್ಟರೆ ಸಾಕು. ಪಾಲಕರು ಜನನ ಪತ್ರ, ಆದಾಯದ ದಾಖಲೆ, ಬಾಡಿಗೆಯ ಕರಾರುಗಳನ್ನು ಅರ್ಜಿಯ ಕಾಲಕ್ಕೆ ಮುಂಚೆಯೇ ಸಿದ್ಧಮಾಡಿಟ್ಟುಕೊಳ್ಳಬೇಕು. ಮಗುವನ್ನು ಶಾಲೆಗೆ ಸೇರಿಸುವ ಮೊದಲು ಅದು ಅನುದಾನಿತವೇ ಅಲ್ಲವೇ ಎಂಬುದನ್ನು ಕೇಳಿ ತಿಳಿಯಬೇಕು. ಆ ಒಂದು ಶಬ್ದದ ಮೇಲೆ ಏನೆಲ್ಲ ನಿಂತಿದೆಯೆಂಬುದು ಮೇಲಿನ ವಿವರಗಳಿಂದ ತಿಳಿದಿರಬಹುದು.

ನಮ್ಮ ಗೆಳೆಯರ ಮಗಳಿಗೆ ಕೇಂದ್ರದ ಆ ಪರೀಕ್ಷೆ ಈ ವರ್ಷ ಸಿಗುವುದಿಲ್ಲ. ಅವರ ಕಿರಿಯ ಮಗ ಮುಂದಿನ ವರ್ಷ ಒಂದನೆಯ ತರಗತಿಗೆ ಹೋಗುವವನು. ಅವನ ಕಾಗದಪತ್ರಗಳನ್ನು ಕೂಡಿಸಿಕೊಂಡು ಬರುವ ಭಾನುವಾರ ಕಚೇರಿಗೆ ಬರಲು ಅವರಿಗೆ ತಿಳಿಸಿದ್ದೇವೆ. ಅವರ ಈಗಿನ ಧನಿಗೆ ನಾವೇ ಟೆಲಿಫೋನು ಮಾಡಿ ಪಗಾರದ ಚೀಟಿ ಕೇಳಿದೆವು. "ನಾಳೆ ಕೊಡುತ್ತೇನೆ" ಎಂದಿದ್ದಾರೆ. ಕೊಡುವವರೆಗೆ ಕೇಳುತ್ತಲೇ ಇರುತ್ತೇವೆ.